ಒಣ ಬಟ್ಟೆ ಮುಟ್ಟಿಸಬೇಡಿ

ಮನುಷ್ಯ ಮಣ್ಣಿನಿಂದ ಬಂದು ಮಣ್ಣಿಗೇ ಹೋಗುತ್ತಾನೆ ಎಂದು ತಿಳಿದವರು ಹೇಳುತ್ತಾರೆ. ಒಪ್ಪಿಕೊಳ್ಳೋಣ. ಆದರೆ ಬರುವುದಕ್ಕೂ ಹೋಗುವುದಕ್ಕೂ ನಡುವೆ ಆ ಮಣ್ಣು ಸುಮ್ಮನಿರುವುದಿಲ್ಲ, ಈಗಷ್ಟೇ ಪಾಲಿಷ್ ಮಾಡಿಟ್ಟ ಕಾರಿನ ಬಾನೆಟ್ ಮೇಲೆ ಬಂದು ಕೂರುತ್ತದೆ ಎಂಬುದನ್ನು ಅವರಾರೂ ಹೇಳಲಿಲ್ಲ. ಹೇಳಿದ್ದರೆ ನಾನು ಸೈಕಲ್ ಷಾಪು ಇಡುತ್ತಿದ್ದೆ.

ನನ್ನ ಹೆಸರು ಮಹದೇವಪ್ಪ. ಗಿರಾಕಿಗಳ ಬಾಯಲ್ಲಿ ಮಾದೇವಣ್ಣ. ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ರಸ್ತೆಯಲ್ಲಿ, ಊರು ಮುಗಿದು ಹೊಲ ಶುರುವಾಗುವ ಕಡೆ ನನ್ನ ಮನೆ. ಮನೆಯ ಪಕ್ಕಕ್ಕೆ ಒರಗಿಕೊಂಡಂತೆ ಒಂದು ಶೆಡ್ಡು. ಆ ಶೆಡ್ಡಿನಲ್ಲಿ ಇಪ್ಪತ್ತು ವರ್ಷ ಕಾರು ತೊಳೆದೆ, ಉಜ್ಜಿದೆ, ಹೊಳೆಸಿದೆ. ಅದಕ್ಕೆ ಈಗ ಡೀಟೇಲಿಂಗ್ ಎನ್ನುತ್ತಾರೆ. ನಾವು ಶುರು ಮಾಡಿದಾಗ ಅದಕ್ಕೆ ಹೆಸರೇ ಇರಲಿಲ್ಲ, ಆದರೂ ಸೊಂಟ ಅಷ್ಟೇ ನೋಯುತ್ತಿತ್ತು. ಎರಡು ವರ್ಷದ ಹಿಂದೆ ಮೊದಲು ನನ್ನ ಮೊಣಕಾಲು ನಿವೃತ್ತಿ ತೆಗೆದುಕೊಂಡಿತು. ಅದರ ಹಿಂದೆಯೇ ನಾನೂ ತೆಗೆದುಕೊಂಡೆ.

ಈಗ ಮನೆಯ ಗ್ಯಾರೇಜಿನಲ್ಲೇ ಈ ಕೆಲಸ ಶುರು ಮಾಡುವವರು ಸುತ್ತಮುತ್ತ ಬಹಳ ಮಂದಿ. ಬಂದು ಕೇಳುತ್ತಾರೆ: ಯಾವ ಮೆಷಿನ್ ತಗೋಬೇಕು, ಯಾವ ಕಂಪನಿ ಕೋಟಿಂಗ್ ಒಳ್ಳೆಯದು. ನಿಮ್ಮ ಮನೆಯಲ್ಲಿ ಕಸ ಗುಡಿಸುವುದು ಯಾರು, ಎಷ್ಟು ಹೊತ್ತಿಗೆ ಎಂದು ನಾನು ಕೇಳುತ್ತೇನೆ. ಮುದುಕನಿಗೆ ಅರಳುಮರುಳು ಎಂದುಕೊಂಡು ಹೋಗುತ್ತಾರೆ. ಅಂಥವರಿಗಾಗಿ ಇದನ್ನು ಬರೆದಿಡುತ್ತಿದ್ದೇನೆ. ಮೊಬೈಲಿನಲ್ಲಿ ನೋಡಿ ಕಲಿಯುವವರಿಗೆ ಹೊಳೆಯುವ ಕಾರು ಕಾಣುತ್ತದೆ, ಧೂಳು ಕಾಣುವುದಿಲ್ಲ. ಅಲ್ಲಿ ಕಾಣದೆ ಉಳಿದದ್ದೆಲ್ಲ ನಮ್ಮ ಶೆಡ್ಡಿನಲ್ಲಿ ಇರುತ್ತದೆ.

ಎಷ್ಟೋ ಕಾರು ನನ್ನ ಕೈಯಲ್ಲಿ ಹಾದುಹೋದವು. ಧೂಳಿನ ವಿಚಾರ ಹೇಳುವುದಕ್ಕೆ ಒಂದೇ ಕಾರು ಸಾಕು. ಅದು ಸಿದ್ದಯ್ಯ ಮೇಷ್ಟ್ರ ಕರಿ ಕಾರು.

ಸಿದ್ದಯ್ಯ ಮೇಷ್ಟ್ರು ತಿ. ನರಸೀಪುರದಲ್ಲಿ ಪಾಠ ಹೇಳಿ ನಿವೃತ್ತರಾದವರು. ಬದುಕಿನ ಮೊದಲ ಕಾರು ಕೊಂಡಿದ್ದರು, ಸೆಕೆಂಡ್ ಹ್ಯಾಂಡು. ಸಂಕ್ರಾಂತಿ ಹತ್ತಿರ ಇದ್ದಾಗ ಒಂದು ಸೋಮವಾರ ಬೆಳಿಗ್ಗೆ ಶೆಡ್ಡಿನ ಮುಂದೆ ನಿಲ್ಲಿಸಿ, ಇಳಿದು, ಕನ್ನಡಕ ಒರೆಸಿಕೊಳ್ಳುತ್ತಾ ನಿಂತರು.

"ಕರಿ ಬಣ್ಣ ಯಾಕ್ ತಗಂಡ್ರಿ ಮೇಷ್ಟ್ರೇ?" ಎಂದೆ. "ನಮ್ ರಸ್ತೆಗೆ ಬೂದು ಬಣ್ಣವೇ ಸರಿ. ಧೂಳೂ ಅದೇ ಬಣ್ಣ, ಕಾರೂ ಅದೇ ಬಣ್ಣ. ತೊಳಿಯೋ ಗೋಜೇ ಇಲ್ಲ."

"ಮುಖ ಕಾಣ್ಬೇಕು ಕಣ್ರೀ ಅದ್ರಲ್ಲಿ."

"ಯಾರ್ದು?"

"ನಮ್ಮವ್ವಂದು."

ಮೇಷ್ಟ್ರ ಊರು ಬಿಳಿಗೆರೆ ಹೋಬಳಿಯ ಒಂದು ಹಳ್ಳಿ. ಹೆಸರು ಬೇಡ. ಅವರು ಓದಿದ ಶಾಲೆಯವರು ಬರುವ ಭಾನುವಾರ ಅವರಿಗೆ ಸನ್ಮಾನ ಇಟ್ಟುಕೊಂಡಿದ್ದರು. ಶಾಲೆ ಇರುವುದು ಊರ ಮೇಲ್ಗಡೆ, ಮೇಷ್ಟ್ರ ತಾಯಿ ಚಿಕ್ಕತಾಯಮ್ಮ ಇರುವುದು ಕೆಳಗಿನ ಕೇರಿಯಲ್ಲಿ. ನಡುವೆ ಇರುವುದು ಗೌಡರ ಬೀದಿ. ಮೇಷ್ಟ್ರ ತಂದೆ ಇದ್ದ ಕಾಲದಲ್ಲಿ ಆ ಬೀದಿ ಬಂದ ಕೂಡಲೇ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದರಂತೆ. ಆ ಬೀದಿಯಲ್ಲೇ ತಾಯಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಶಾಲೆಗೆ ಹೋಗಬೇಕು. ಹತ್ತುವ ಮೊದಲು ಆಕೆ ಬಾಗಿಲಲ್ಲಿ ಮುಖ ನೋಡಿಕೊಳ್ಳಬೇಕು. ಇಷ್ಟನ್ನು ಮೇಷ್ಟ್ರು ಪಾಠದ ಸಾರಾಂಶ ಹೇಳುವ ಧಾಟಿಯಲ್ಲಿ ಹೇಳಿ ಮುಗಿಸಿದರು.

ಬಣ್ಣದ ದಪ್ಪ ಅಳೆಯುವ ಮೀಟರು ಇಟ್ಟು ನೋಡಿದೆ. ಹಿಂದಿನ ಮಾಲೀಕನೂ ಹೊಳಪಿನ ಹುಚ್ಚಿನವನು. ಉಜ್ಜಿ ಉಜ್ಜಿ ಬಣ್ಣವನ್ನು ಈರುಳ್ಳಿ ಸಿಪ್ಪೆ ಮಾಡಿಟ್ಟಿದ್ದ.

"ಒಂದೇ ಸಲ ಪಾಲಿಷ್ ತಡೀತದೆ ಮೇಷ್ಟ್ರೇ. ಎರಡ್ನೇ ಸಲ ಮೆಷಿನ್ ಇಟ್ರೆ ಬಣ್ಣ ಹರಿದು ಅಡಿ ಪದರ, ಪ್ರೈಮರ್, ಕಾಣ್ತದೆ."

"ಸಪ್ಲಿಮೆಂಟರಿ ಪರೀಕ್ಷೆ ಇಲ್ಲ ಅನ್ನಿ."

"ಇಲ್ಲ."

ಇದರ ಅರ್ಥ ಹೊಸಬರಿಗೆ ತಿಳಿಯಬೇಕು. ಪಾಲಿಷ್ ಆದ ಮೇಲೆ ಸೆರಾಮಿಕ್ ಕೋಟಿಂಗ್ ಹಚ್ಚುತ್ತೇವೆ. ನೀರಿನಂತೆ ಇರುತ್ತದೆ, ಒಣಗಿದ ಮೇಲೆ ಗಾಜಿನಂತೆ ಗಟ್ಟಿಯಾಗುತ್ತದೆ. ಒಣಗುವುದರೊಳಗೆ ಅದರ ಮೇಲೆ ಧೂಳು ಬಿತ್ತೋ, ಆ ಧೂಳೂ ಗಾಜಿನೊಳಗೆ ಮನೆ ಮಾಡಿಕೊಳ್ಳುತ್ತದೆ. ಅದನ್ನು ತೆಗೆಯಲು ಮತ್ತೆ ಮೆಷಿನ್ ಇಡಬೇಕು. ಈ ಕಾರಿಗೆ ಮತ್ತೆ ಮೆಷಿನ್ ಇಡುವಂತಿಲ್ಲ. ಕೋಟಿಂಗ್ ದಿನ ಎದ್ದ ಧೂಳು ಚಿಕ್ಕತಾಯಮ್ಮನ ಮುಖದ ಮೇಲೆ ಸಿಡುಬಿನ ಕಲೆಯಂತೆ ಕೂತುಬಿಡುತ್ತಿತ್ತು.

ಒಪ್ಪಿಕೊಂಡೆ. ಯಾವ ಧೈರ್ಯದ ಮೇಲೆ ಒಪ್ಪಿಕೊಂಡೆ ಎಂದರೆ, ಆ ಹೊತ್ತಿಗೆ ಧೂಳಿನ ವಿಚಾರದಲ್ಲಿ ಮಾಡಬಹುದಾದ ತಪ್ಪುಗಳನ್ನೆಲ್ಲ ಮಾಡಿ ಮುಗಿಸಿದ್ದೇನೆ ಎಂಬ ನಂಬಿಕೆ ನನಗಿತ್ತು.

ಮೊದಲ ತಪ್ಪು ಮೈಸೂರಿನಲ್ಲಿ. ಅಲ್ಲೊಂದು ಗ್ಯಾರೇಜಿನಲ್ಲಿ ಪೀರ್ ಸಾಹೇಬರೆಂಬ ಫೋರ್‌ಮನ್ ಕೈಕೆಳಗೆ ಕೆಲಸಕ್ಕೆ ಸೇರಿದ್ದೆ. ಆಗ ಹೊಳಪು ಎಂದರೆ ಹತ್ತಿಯ ವೇಸ್ಟನ್ನು ಡೀಸೆಲಿನಲ್ಲಿ ಅದ್ದಿ ಒರೆಸುವುದು. ಗೇಟು ದಾಟುವವರೆಗೆ ಕಾರು ಮದುಮಗನ ಹಾಗೆ ಹೊಳೆಯುತ್ತಿತ್ತು. ಗೇಟು ದಾಟಿದ ಮೇಲೆ ಊರಿನ ಧೂಳೆಲ್ಲ ಆ ಎಣ್ಣೆಗೆ ಅಂಟಿಕೊಂಡು, ಗಿರಾಕಿ ನಮ್ಮನ್ನು ಬೈಯುತ್ತಾ ವಾಪಸ್ ಬರುತ್ತಿದ್ದ. ಅವನು ಬರುತ್ತಾನೆಂದೇ ನಾವು ಬಕೆಟ್ ತುಂಬಿಸಿ ಇಟ್ಟಿರುತ್ತಿದ್ದೆವು. ಪದ್ಧತಿ ಎಂದರೆ ಅದು.

ಒಂದು ದಿನ ಕಡುನೀಲಿ ಕಾರೊಂದು ತಯಾರಾಗಿ ನಿಂತಿತ್ತು. ಮಾಲೀಕರು ಬರುತ್ತಿರುವುದು ಕಂಡಿತು. ಬಾನೆಟ್ ಮೇಲೆ ಒಂದು ಪದರ ಧೂಳು. ನಾನು ಭಕ್ತಿಯಿಂದ ಹೆಗಲ ಮೇಲಿನ ಟವೆಲ್ ತೆಗೆದು ಪರಪರನೆ ಒರೆಸಿಬಿಟ್ಟೆ. ಮಾಲೀಕರಿಗೆ ಸಂತೋಷವಾಯಿತು. ಕಾರು ಬಿಸಿಲಿಗೆ ಬಂದ ಕೂಡಲೇ ಬಾನೆಟ್ ತುಂಬ ಜೇಡ ಬಲೆ ನೇಯ್ದಂತೆ ಸುರುಳಿ ಸುರುಳಿ ಗೀರು ಎದ್ದು ಕಂಡವು. ಮಾಲೀಕರ ಸಂತೋಷ ನೆರಳಿನಲ್ಲೇ ಉಳಿಯಿತು.

ಪೀರ್ ಸಾಹೇಬರು ಬೈಯಲಿಲ್ಲ. ಒಂದು ತೆಳು ಪ್ಲಾಸ್ಟಿಕ್ ಕವರು ತಂದು ನನ್ನ ಕೈಗೆ ಗ್ಲೌಸಿನ ಹಾಗೆ ತೊಡಿಸಿ, ಪಕ್ಕದ ಕಾರಿನ ಬಾನೆಟ್ ಮೇಲೆ ಮೆಲ್ಲಗೆ ಆಡಿಸು ಎಂದರು. ಬರಿ ಕೈಗೆ ನುಣ್ಣಗಿದ್ದದ್ದು ಕವರಿನ ಮೂಲಕ ಗರಗರ ಎಂದಿತು.

"ಕೇಳಿಸ್ತೇನಯ್ಯಾ?"

"ಏನ್ ಸಾ ಅದು?"

"ಕಲ್ಲು. ನೀನು ಧೂಳು ಧೂಳು ಅಂತೀಯಲ್ಲ, ಅದರಲ್ಲಿ ಅರ್ಧ ಕಲ್ಲಪ್ಪಾ. ಕಲ್ಲು ಇಟ್ಕೊಂಡು ಯಾರಾದ್ರೂ ಒರೆಸ್ತಾರಾ? ಧೂಳು ಕೂತಿದ್ರೆ ಕೂತಿರ್ಲಿ, ಅದಕ್ಕೇನೂ ಅವಸರ ಇಲ್ಲ. ನೀರು ಹಾಕಿ ಕಳಿಸು. ಒಣ ಬಟ್ಟೆ ಮುಟ್ಟಿಸ್ಬೇಡ."

ನಲವತ್ತು ವರ್ಷದ ವೃತ್ತಿಯಲ್ಲಿ ನನಗೆ ಸಿಕ್ಕ ಉಪದೇಶ ಇದೊಂದೇ. ಉಳಿದದ್ದೆಲ್ಲ ಇದರ ವ್ಯಾಖ್ಯಾನ.

ಆಮೇಲೆ ಮನೆಯ ಪಕ್ಕ ಶೆಡ್ಡು ಹಾಕಿಕೊಂಡೆ. ಮೇಲೆ ಜಿಂಕ್ ಶೀಟು, ಕೆಳಗೆ ಮಣ್ಣಿನ ನೆಲ. ಕಾರಿನ ಸುತ್ತ ನಾಲ್ಕು ಹೆಜ್ಜೆ ನಡೆದರೆ ನೆಲ ನನ್ನ ಜೊತೆಗೇ ಎದ್ದು ಬರುತ್ತಿತ್ತು. ನನ್ನ ಹೆಂಡತಿ ಜಯಮ್ಮ ಬಾಗಿಲಲ್ಲಿ ನಿಂತು ನೋಡಿ ತೀರ್ಪು ಕೊಟ್ಟಳು.

"ಸಗಣಿ ಸಾರ್ಸಿ. ನಮ್ಮವ್ವನ ಮನೆ ಕಣದಲ್ಲಿ ಒಂದ್ ಚೂರು ಧೂಳು ಏಳ್ತಿರ್ನಿಲ್ಲ."

ತವರುಮನೆಯ ಸಾಕ್ಷ್ಯವನ್ನು ಪ್ರಶ್ನಿಸುವ ಪದ್ಧತಿ ನಮ್ಮಲ್ಲಿಲ್ಲ. ಸಾರಿಸಿದೆವು. ಎರಡು ದಿನ ನೆಲ ದೇವಸ್ಥಾನದ ಹಾಗಿತ್ತು. ಮೂರನೆಯ ದಿನ ಒಣಗಿ, ಕಾರಿನ ಚಕ್ರಕ್ಕೆ ಸಿಕ್ಕಿ, ಹಕ್ಕಳೆ ಎದ್ದು ಪುಡಿಯಾಯಿತು. ಆ ಪುಡಿ ಮಣ್ಣಿಗಿಂತ ಹಗುರ, ಮಣ್ಣಿಗಿಂತ ಎತ್ತರಕ್ಕೆ ಹಾರುತ್ತದೆ. ಆ ದಿನ ಒಳಗಿದ್ದದ್ದು ಬಿಳಿ ಕಾರು. ವ್ಯಾಕ್ಸ್ ಹಚ್ಚಿ ಒಣಗಲು ಬಿಟ್ಟಿದ್ದೆ. ಸಂಜೆಗೆ ಕಾರು ತೆಳು ಹಸಿರಾಗಿತ್ತು. ಮಾಲೀಕ ಸುತ್ತ ಒಂದು ಪ್ರದಕ್ಷಿಣೆ ಬಂದು, "ಮಾದೇವಣ್ಣ, ಶಾಂಪೂ ವಾಸ್ನೆ ಬೇರೆ ತರ ಅದೆ," ಎಂದ. ಅಷ್ಟಕ್ಕೇ ಬಿಟ್ಟ. ಪುಣ್ಯಾತ್ಮ.

ಆಮೇಲೆ ಸಿಮೆಂಟು ಹಾಕಿಸಿದೆ. ಬರಿ ಸಿಮೆಂಟೂ ಸವೆದು ಬಿಳಿ ಪುಡಿ ಬಿಡುತ್ತದೆ ಎಂದು ತಿಳಿಯಲು ಒಂದು ವರ್ಷ ಹಿಡಿಯಿತು. ಅದರ ಮೇಲೆ ನೆಲಕ್ಕೆ ಹೊಡೆಯುವ ಪೇಂಟು ಹೊಡೆಸಿದ ಮೇಲೆ ಕೆಳಗಿನ ಶತ್ರು ಸುಮ್ಮನಾದ. ಮೇಲಿನವನು ಉಳಿದಿದ್ದ. ಗಾಳಿ ಬೀಸಿದಾಗಲೆಲ್ಲ ಜಿಂಕ್ ಶೀಟು ಅದುರಿ, ಸಂದಿಯಲ್ಲಿ ಕೂತಿದ್ದ ಧೂಳು ಉದುರುತ್ತಿತ್ತು. ಅದನ್ನು ತಡೆಯಲು ಮನೆಯ ಹಳೆ ಸೀರೆಗಳನ್ನು ಹೊಲಿಸಿ ಶೀಟಿನ ಕೆಳಗೆ ಮೇಲ್ಕಟ್ಟಿನಂತೆ ಕಟ್ಟಿದೆ. ಬಹಳ ಒಳ್ಳೆಯ ಉಪಾಯ, ಯಾರು ಬೇಕಾದರೂ ಮಾಡಬಹುದು. ಮೊದಲು ಹೆಂಡತಿಯನ್ನು ಕೇಳಬೇಕು ಅಷ್ಟೆ. ಕಟ್ಟಿದ ಮಾರನೆಯ ದಿನ ಜಯಮ್ಮ ಕಾಫಿ ತಂದವಳು ತಲೆಯೆತ್ತಿ ನೋಡಿ, ಲೋಟವನ್ನು ನಿಧಾನವಾಗಿ ಕೆಳಗಿಟ್ಟಳು.

"ಆ ಮೂಲೇಲಿರೋದು ನನ್ನ ಒಪ್ಪಿಗೆ ಶಾಸ್ತ್ರದ ಸೀರೆ."

"ಹೌದಾ? ಹಳೇದಾಗಿತ್ತಲ್ಲ..."

"ಒಪ್ಗೆನೂ ಹಳೇದೇ ಆಗದೆ. ಅದ್ನೂ ಬಿಚ್ಚಿ ಮೇಲಕ್ಕೆ ಕಟ್ಬುಡಿ."

ಆ ಸೀರೆಯನ್ನು ಇಳಿಸಿ, ಆ ಮೂಲೆಗೆ ನನ್ನ ಎರಡು ಪಂಚೆ ಕಟ್ಟಿದೆ. ಇಂದಿಗೂ ಇವೆ.

ಇನ್ನು ಮನುಷ್ಯರ ಧೂಳು. ನಂಜನಗೂಡು ಹಲ್ಲುಪುಡಿಗೆ ಹೆಸರಾದ ಊರು, ವಿಭೂತಿಗೆ ಕೊರತೆಯಿಲ್ಲದ ಊರು. ಪುಡಿಯೊಂದಿಗೆ ನಮಗೆ ತಲೆಮಾರುಗಳ ನಂಟು. ಸೋಮವಾರ ದೇವರ ದರ್ಶನ ಮುಗಿಸಿ, ಹಣೆ ತುಂಬ ವಿಭೂತಿ ಬಳಿದುಕೊಂಡು, ಕೆಲಸ ಎಲ್ಲಿಗೆ ಬಂತು ಎಂದು ನೋಡಲು ಬರುವ ಗಿರಾಕಿಯಷ್ಟು ಅಪಾಯಕಾರಿ ಬೇರೆ ಇಲ್ಲ. ಅವರು ಬಾನೆಟ್ ಮೇಲೆ ಬಾಗಿ, ಮೂಗಿನ ತುದಿಯಿಂದ ಹೊಳಪು ಪರೀಕ್ಷೆ ಮಾಡುತ್ತಾರೆ. ಪ್ರಸಾದ ಉದುರುತ್ತದೆ. ಬೇಡ ಎನ್ನುವ ಹಾಗಿಲ್ಲ, ಒರೆಸುವ ಹಾಗಂತೂ ಮೊದಲೇ ಇಲ್ಲ. ಕೊನೆಗೆ ಬಾಗಿಲಿಗೆ ಅಡ್ಡ ಹಗ್ಗ ಕಟ್ಟಿ ಆಚೆ ಒಂದು ಬೆಂಚು ಹಾಕಿದೆ. ದೇವಸ್ಥಾನದಲ್ಲೂ ಹಗ್ಗ ಕಟ್ಟುವುದರಿಂದ ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ.

ತಲಕಾಡಿನ ಮರಳಿನದು ಇನ್ನೊಂದು ಕತೆ. ಸೋಸಲೆಯ ಗೌಡರೊಬ್ಬರು ನೆಂಟರನ್ನೆಲ್ಲ ತುಂಬಿಕೊಂಡು ತಲಕಾಡಿಗೆ ಹೋಗಿ, ಹೊಳೆಯಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲೇ ಕಾರು ಹತ್ತಿ ಬಂದಿದ್ದರು. ಸೀಟಿನ ಸಂದಿಯಲ್ಲಿ, ಬಾಗಿಲಿನ ರಬ್ಬರಿನಲ್ಲಿ ಮರಳೇ ಮರಳು. ಆಗ ಹೊಸದಾಗಿ ಬ್ಲೋವರ್ ಕೊಂಡಿದ್ದೆ. ಹೊಸ ಸಾಮಾನು ಕೊಂಡವನ ಬುದ್ಧಿ ಕೆಲವು ದಿನ ಆ ಸಾಮಾನಿನೊಳಗೇ ಇರುತ್ತದೆ. ನಾಲ್ಕೂ ಬಾಗಿಲು ತೆಗೆದು ಊದಿದೆ. ಪಕ್ಕದಲ್ಲೇ ಇನ್ನೊಂದು ಕಾರು ಪಾಲಿಷ್ ಆಗಿ ನಿಂತಿತ್ತು. ದೇವಸ್ಥಾನಗಳನ್ನೇ ಮುಚ್ಚಿ ಹಾಕಿದ ಮರಳಿಗೆ ನನ್ನ ಶೆಡ್ಡು ಯಾವ ಲೆಕ್ಕ? ಆಮೇಲೆ ಊದುವುದನ್ನು ಬಿಟ್ಟು ಎಳೆಯುವುದನ್ನು ಕಲಿತೆ, ವ್ಯಾಕ್ಯೂಮ್ ಕ್ಲೀನರ್ ಬಂತು. ಧೂಳನ್ನು ಓಡಿಸಬಾರದು, ಹಿಡಿಯಬೇಕು. ಓಡಿಸಿದ ಧೂಳು ದೂರ ಹೋಗುವುದಿಲ್ಲ, ಒಂದು ಸುತ್ತು ಹೊಡೆದು ನಿಮ್ಮ ಹಿಂದೆಯೇ ಬಂದು ನಿಲ್ಲುತ್ತದೆ.

ಇಷ್ಟು ವಿದ್ಯೆ ಇಟ್ಟುಕೊಂಡು ಮೇಷ್ಟ್ರ ಕಾರಿಗೆ ಕೈ ಹಾಕಿದೆ. ಸೋಮವಾರ ಎರಡು ಬಕೆಟ್ ಇಟ್ಟು ತೊಳೆದೆ, ಒಂದು ಶಾಂಪೂವಿಗೆ, ಒಂದು ಕೈಗವಸು ಜಾಲಿಸಲು. ಒದ್ದೆಯಾಗಿರುವಾಗಲೇ ಒಳಕ್ಕೆ ತಂದೆ. ಮಂಗಳವಾರ ಉಸಿರು ಬಿಗಿಹಿಡಿದು ಪಾಲಿಷ್ ಮಾಡಿದೆ. ಪ್ರೈಮರ್ ಕಾಣಲಿಲ್ಲ. ಬುಧವಾರ ಕೋಟಿಂಗ್. ಬೆಳಿಗ್ಗೆಯೇ ಸ್ನಾನ ಮಾಡಿ, ನೂಲು ಬಿಡದ ಹಳೆ ಟೆರಿಲಿನ್ ಅಂಗಿ ಹಾಕಿಕೊಂಡೆ. ಪೊರಕೆ ಮುಟ್ಟದೆ ನೆಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಫ್ಯಾನು ನಿಲ್ಲಿಸಿದೆ. ರಸ್ತೆ ಕಡೆಯ ಬಾಗಿಲಿಗೆ ಟಾರ್ಪಾಲು ಇಳಿಬಿಡಲು ಹೊರಗೆ ಬಂದೆ.

ರಸ್ತೆಯ ಉದ್ದಕ್ಕೆ, ನನ್ನ ಬಾಗಿಲಿನ ನೇರಕ್ಕೇ, ಕೆಂಪಕ್ಕ ಹುರುಳಿ ಹರಡುತ್ತಿದ್ದಳು.

ಕೆಂಪಕ್ಕ ಎದುರು ಹೊಲದವಳು. ನನಗಿಂತ ಹಿರಿಯಳು. ನಮ್ಮ ಕಡೆ ಈಗ ಕಣ ಮಾಡುವವರು ಕಡಿಮೆ. ಹುರುಳಿ, ರಾಗಿ ಕಿತ್ತು ತಂದು ಟಾರು ರಸ್ತೆಗೆ ಹಾಕುತ್ತಾರೆ. ಹೋಗಿ ಬರುವ ಬಸ್ಸು, ಲಾರಿ, ಕಾರುಗಳೇ ತುಳಿದು ಒಕ್ಕಣೆ ಮಾಡಿಕೊಡುತ್ತವೆ. ಸರ್ಕಾರ ಬೇಡ ಎನ್ನುತ್ತದೆ, ರಸ್ತೆ ಬಾ ಎನ್ನುತ್ತದೆ. ಒಂದು ಬಸ್ಸು ಹಾದರೆ ಏಳುವ ಹುರುಳಿಯ ಹೊಟ್ಟಿನ ಧೂಳು ಮೈಗೆ ತಾಗಿದರೆ ಮೂರು ದಿನ ತುರಿಕೆ. ಅದು ಟಾರ್ಪಾಲಿಗೆ, ಒದ್ದೆ ಗೋಣಿಗೆ ಬಗ್ಗುವ ಧೂಳಲ್ಲ. ಇಪ್ಪತ್ತು ವರ್ಷದಿಂದ ಪ್ರತಿ ಸುಗ್ಗಿಯಲ್ಲೂ ಈ ವಿಚಾರವಾಗಿ ನಮ್ಮಿಬ್ಬರಿಗೆ ಯುದ್ಧ ನಡೆದಿದೆ. ಒಮ್ಮೆಯೂ ನಾನು ಗೆದ್ದದ್ದಿಲ್ಲ.

"ಕೆಂಪಕ್ಕ, ಇವತ್ತು ಬ್ಯಾಡ ಕಣಕ್ಕ."

"ಯಾಕ್ಲಾ? ರಸ್ತೆ ಏನ್ ನಿಮ್ಮಪ್ಪ ಆಕ್ಸಿದ್ದಾ?"

"ನಮ್ಮಪ್ಪ ಹಾಕ್ಸಿದ್ರೆ ಇಷ್ಟು ಗುಂಡಿ ಇರ್ತಿತ್ತಾ? ಒಳಗೆ ಒಂದು ಕಾರದೆ. ಇವತ್ತು ಧೂಳು ಬಿದ್ರೆ ಅದು ಕೆಟ್ಟೋಯ್ತದೆ."

"ಧೂಳು ಬಿದ್ರೆ ಕೆಡೋ ಕಾರ್ನ ಯಾಕ್ಲಾ ರೋಡಿಗೆ ತತ್ತಾರೆ? ಬೀರುಲಿ ಮಡೀಕಳಕ್ಕೇಳು." ಆಕಾಶದ ಕಡೆ ಕೈ ತೋರಿಸಿದಳು. ಮೋಡ ಕಟ್ಟಿತ್ತು. "ಮಳೆ ಒಡೆದ್ರೆ ನನ್ನ ಉರುಳಿ ಮೊಳಕೆ ಒಡೀತದೆ. ಆಗ ನೀ ಬಂದು ಸಾರು ಮಾಡ್ಕಂಡು ಉಣ್ತೀಯಾ?"

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಅದೇ ನನ್ನ ಕಷ್ಟ. ಕಾರು ಯಾರದು, ಯಾಕೆ ಎಂದು ಹೇಳಿದೆ. ಚಿಕ್ಕತಾಯಮ್ಮನ ವಿಚಾರವನ್ನೂ, ಕೋಟಿಂಗ್ ಪೂರ್ತಿ ಗಟ್ಟಿಯಾಗಲು ಶನಿವಾರದವರೆಗೆ ಬೇಕೆಂಬುದನ್ನೂ ಹೇಳಿದೆ. ಕೆಂಪಕ್ಕ ಹುರುಳಿ ಹರಡುತ್ತಲೇ ಕೇಳಿಸಿಕೊಂಡಳು. ಆಮೇಲೆ ಸೊಂಟ ನೆಟ್ಟಗೆ ಮಾಡಿ ನಿಂತಳು.

"ನಿನ್ನ ಟಾರ್ಪಾಲ್ ಕೊಡು. ಶನಿವಾರದ್ಗಂಟ ಗುಡ್ಡೆ ಹಾಕಿ ಮುಚ್ತೀನಿ. ಆದ್ರೆ ಭಾನ್ವಾರ ಬಸ್ಸು ಕಮ್ಮಿ. ಯಾರ್ಲಾ ತುಳಿಯೋರು?"

"ನಾನ್ ಏನಾರ ಮಾಡ್ತೀನಿ."

"ಏನಾರ ಬ್ಯಾಡ. ಆ ಕರೀ ಕಾರ್ನೇ ನಾಕು ಸುತ್ತು ಒಡ್ಸು. ಕೊಡು ಮತ್ತೆ ಮಾತ್ನ."

ಒಳಗೆ ಕಾರು ಕಾಯುತ್ತಿತ್ತು. ಬಿಸಿಲೇರಿದರೆ ಗಾಳಿ ಏಳುತ್ತದೆ. ಆಯಿತು ಎಂದುಬಿಟ್ಟೆ. ಮಾಡಬಹುದಾದ ತಪ್ಪುಗಳೆಲ್ಲ ಮುಗಿದಿವೆ ಎಂದೆನಲ್ಲ, ಇದೊಂದು ಬಾಕಿ ಇತ್ತು: ಕಂಡವರ ಕಾರನ್ನು ಒಕ್ಕಣೆಗೆ ಇಳಿಸುತ್ತೇನೆಂದು ಮಾತು ಕೊಡುವುದು.

ಟಾರ್ಪಾಲು ಹುರುಳಿಯ ಮೇಲೆ ಹೋಯಿತು. ನನ್ನ ಬಾಗಿಲಿಗೆ ಒದ್ದೆ ಮಾಡಿದ ಗೋಣಿಚೀಲ ಕಟ್ಟಿದೆ. ಗೋಣಿ ಕಟ್ಟುವವರು ಮೊದಲು ಅದನ್ನು ಒಗೆಯಬೇಕು. ಒಮ್ಮೆ ಸಿಮೆಂಟು ಹೊತ್ತ ಚೀಲ ಒಗೆಯದೆ ಕಟ್ಟಿ ಏನಾಯಿತು ಎಂಬುದನ್ನು ಬರೆಯುವುದಿಲ್ಲ, ಆ ಗಿರಾಕಿ ಇನ್ನೂ ಬದುಕಿದ್ದಾರೆ. ಅಂಗೈ ಅಗಲ ಅಂಗೈ ಅಗಲವಾಗಿ ಕೋಟಿಂಗ್ ಹಚ್ಚಿ, ಬಟ್ಟೆಯಲ್ಲಿ ಸಮ ಮಾಡುತ್ತಾ ಮಧ್ಯಾಹ್ನದ ಹೊತ್ತಿಗೆ ಮುಗಿಸಿದೆ. ಸಾಯಂಕಾಲ ಟಾರ್ಚು ಓರೆ ಹಿಡಿದು ನೋಡಿದೆ. ಹಿಂದಿನ ಬಾಗಿಲಿನ ಕೆಳಗೆ ಒಂದು ಕೂದಲಿನ ತುಂಡು ಸಿಕ್ಕಿಕೊಂಡಿತ್ತು, ನನ್ನದೇ ಮೀಸೆಯದು. ಉಳಿದಂತೆ ಕಾರು ನಿಂತ ನೀರಿನ ಹಾಗಿತ್ತು. ಗುರುವಾರ, ಶುಕ್ರವಾರ, ಶನಿವಾರ ಶೆಡ್ಡಿನ ಬಾಗಿಲನ್ನೇ ತೆಗೆಯಲಿಲ್ಲ. ಮೋಡ ಬಂದು ನಾಲ್ಕು ಹನಿ ಹಾಕಿ ಹೋಯಿತು. ಟಾರ್ಪಾಲಿನ ಕೆಳಗೆ ಹುರುಳಿ ನೆನೆಯಲಿಲ್ಲ. ಜಯಮ್ಮನಿಗೆ ವಿಷಯ ಹೇಳಿದಾಗ, "ಮೇಷ್ಟ್ರಿಗೆ ಏಳುದ್ರಾ?" ಎಂದು ಮಾತ್ರ ಕೇಳಿದಳು. ಹೇಳಿರಲಿಲ್ಲ.

ಭಾನುವಾರ ಬೆಳಿಗ್ಗೆ ಮೇಷ್ಟ್ರು ಬಿಳಿ ಪಂಚೆ, ಬಿಳಿ ಅಂಗಿಯಲ್ಲಿ ಬಂದರು. ಬಾಗಿಲು ತೆಗೆದೆ. ಕಾರಿನ ಮುಂದೆ ನಿಂತರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಮೊದಲ್ನೇ ದರ್ಜೆ," ಎಂದರು.

ಹೊರಗೆ ಕೆಂಪಕ್ಕ ಹುರುಳಿ ಹರಡಿ, ರಸ್ತೆ ಬದಿಯ ಕಲ್ಲಿನ ಮೇಲೆ ನ್ಯಾಯಾಧೀಶರ ಹಾಗೆ ಕೂತಿದ್ದಳು. ನಾನು ಕೈ ಕಟ್ಟಿಕೊಂಡು, ಹೋಮ್‌ವರ್ಕ್ ಮಾಡದ ಹುಡುಗನಂತೆ, ಬುಧವಾರದ ಒಪ್ಪಂದವನ್ನು ಮೇಷ್ಟ್ರಿಗೆ ಹೇಳಿದೆ. ಬೇಡವೆಂದರೆ ನನ್ನ ಬೈಕಿನಲ್ಲೇ ತುಳಿಸುತ್ತೇನೆ ಎಂದೂ ಸೇರಿಸಿದೆ.

ಮೇಷ್ಟ್ರು ಕಾರು ನೋಡಿದರು. ಹುರುಳಿ ನೋಡಿದರು. ಕೆಂಪಕ್ಕನನ್ನು ನೋಡಿದರು.

"ಇಷ್ಟು ದಿನ ಧೂಳು ಬೀಳ್ದಂಗೆ ಕಾದಿದ್ದೂ ನೀವೇ, ಈಗ ಧೂಳಿಗೆ ಇಳಿಸಿ ಅನ್ನೋರೂ ನೀವೇ."

"ಬುಧವಾರ ಬಿದ್ದಿದ್ರೆ ಒಳಗೆ ಕೂತ್ಕತಿತ್ತು ಮೇಷ್ಟ್ರೇ. ಇವತ್ತು ಬಿದ್ರೆ ಮೇಲೆ ಕೂರ್ತದೆ ಅಷ್ಟೆ. ನೀರು ಹಾಕುದ್ರೆ ಹೋಯ್ತದೆ. ಒಣ ಬಟ್ಟೆ ಒಂದು ಮುಟ್ಟಿಸ್ಬಾರ್ದು."

"ಖಂಡಿತವಾ?"

"ಖಂಡಿತ."

"ನಮ್ಮವ್ವ ಕಂಡೋರ ಕಣದಲ್ಲಿ ಹುರುಳಿ ಬಡಿದು ನನ್ನ ಓದಿಸ್ದೋಳು ಕಣ್ರೀ," ಎಂದರು ಮೇಷ್ಟ್ರು, ಬಾಗಿಲು ತೆಗೆಯುತ್ತಾ. "ಈ ಧೂಳು ನಮ್ಮನೆಗೆ ಹೊಸದಲ್ಲ. ಹತ್ತಿ, ನೀವೂ ಬನ್ನಿ ಊರಿಗೆ. ನೀರಿನ ಜವಾಬ್ದಾರಿ ನಿಮ್ಮದು."

ಎರಡು ಕ್ಯಾನು ನೀರು, ಒಂದು ಮಗ್ಗು, ಒಗೆದ ಮೈಕ್ರೋಫೈಬರ್ ಬಟ್ಟೆ ಇಟ್ಟುಕೊಂಡು ಹಿಂದಿನ ಸೀಟು ಹತ್ತಿದೆ. ಮೇಷ್ಟ್ರು ಪರೀಕ್ಷೆಯ ಮೇಲ್ವಿಚಾರಕರ ವೇಗದಲ್ಲಿ ಹುರುಳಿಯ ಮೇಲೆ ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ಕಾರು ಓಡಿಸಿದರು. ನಾಲ್ಕು ಸುತ್ತು ಎಂದದ್ದು ಆರಾಯಿತು, ಏಕೆಂದರೆ ಕೆಂಪಕ್ಕ ಪ್ರತಿ ಸಲವೂ "ಆ ಅಂಚು, ಆ ಅಂಚು" ಎಂದು ಕೂಗುತ್ತಿದ್ದಳು. ಮುಗಿದ ಮೇಲೆ ನಾನು ಕೆಳಗಿಳಿದು, ಮೊಣಕಾಲು ಶಪಿಸುತ್ತಾ ಬಗ್ಗಿ, ಸೈಲೆನ್ಸರಿಗೆ ಸುತ್ತಿಕೊಂಡಿದ್ದ ಹುರುಳಿ ಬಳ್ಳಿ ಕಿತ್ತೆಸೆದೆ. ಅದನ್ನು ಹಾಗೇ ಬಿಟ್ಟು ಓಡಿಸಿದರೆ ಬೆಂಕಿ ಹತ್ತುತ್ತದೆ, ಇದನ್ನು ಹೊಸಬರು ನೆನಪಿಡಬೇಕು. ಕಾರು ಬಾನೆಟ್ಟಿನಿಂದ ಡಿಕ್ಕಿಯವರೆಗೆ ಹುರಿಹಿಟ್ಟಿನಲ್ಲಿ ಹೊರಳಿಸಿದಂತಿತ್ತು. ಕೆಂಪಕ್ಕ ಹತ್ತಿರ ಬಂದು, ಗಾಜಿನೊಳಗೆ ಬಗ್ಗಿ ನೋಡಿ, "ನಿಮ್ಮವ್ವನ್ನ ಕೇಳ್ದೆ ಅನ್ನಿ ಮೇಷ್ಟ್ರೇ," ಎಂದಳು.

ಹಳ್ಳಿ ತಲುಪಿದಾಗ ಗೌಡರ ಬೀದಿಯ ಬಾಯಲ್ಲಿ ಜನ ಕಾಯುತ್ತಿದ್ದರು, ಹಾರ ಹಿಡಿದುಕೊಂಡು. ಮೇಷ್ಟ್ರು ಅಲ್ಲಿ ನಿಲ್ಲಿಸದೆ ಕೆಳಗಿನ ಕೇರಿಗೆ ಕಾರು ಇಳಿಸಿ, ತಾಯಿಯ ಮನೆ ಮುಂದೆ ನಿಲ್ಲಿಸಿದರು. ಜನ ಹಿಂದೆಯೇ ಬಂದರು. ಕೇರಿಯವರೂ ಮನೆಗಳಿಂದ ಹೊರಬಂದರು. ನಾನು ಕ್ಯಾನು ಇಳಿಸಬೇಕು ಎನ್ನುವಷ್ಟರಲ್ಲಿ ನಾನು ಹೆದರಿದ್ದೇ ಆಯಿತು. ಪ್ರೀತಿಯೆಂಬುದು ನಮ್ಮ ಕಡೆ ಟವೆಲ್ಲಿನ ರೂಪದಲ್ಲಿರುತ್ತದೆ.

ಸನ್ಮಾನ ಸಮಿತಿಯ ಅಧ್ಯಕ್ಷರು ಊರಿನ ದೊಡ್ಡ ಗೌಡರ ಮನೆಯವರು, ಮೇಷ್ಟ್ರ ಜೊತೆಗೇ ಓದಿದವರು. ಅವರೇ ಮೊದಲು ಹೆಗಲ ಮೇಲಿನ ಟವೆಲ್ ತೆಗೆದರು.

"ಅಯ್ಯಯ್ಯೋ, ಇದೇನ್ ಸಿದ್ದಯ್ಯ, ಎಂಥಾ ಕಾರು, ಇಂಗೆ ಧೂಳಲ್ಲಿ ತಂದಿದ್ದೀಯಲ್ಲಾ! ತಡಿ, ಒರೆಸ್ತೀನಿ."

ಅವರ ಹಿಂದೆ ಇನ್ನೂ ನಾಲ್ಕು ಟವೆಲ್ಲು ಹೆಗಲಿಳಿದವು. ಮೇಷ್ಟ್ರು ಕಾರಿಗೂ ಟವೆಲ್ಲಿಗೂ ನಡುವೆ ಎರಡು ಕೈ ಅಗಲಿಸಿ ನಿಂತು, ತರಗತಿಯ ಕೊನೆ ಬೆಂಚಿಗೆ ಕೇಳಿಸುವ ದನಿಯಲ್ಲಿ ಕೂಗಿದರು:

"ಯಾರೂ ಮುಟ್ಬೇಡಿ!"

ಆ ಊರಿಗೆ ಆ ಮಾತು ಹೊಸದಲ್ಲ, ಅದು ಬಂದ ದಿಕ್ಕು ಹೊಸದು. ಗೌಡರ ಕೈ ಟವೆಲ್ ಸಮೇತ ಗಾಳಿಯಲ್ಲೇ ನಿಂತಿತು. ತಾವೇನು ಹೇಳಿದೆವು ಎಂದು ಮೇಷ್ಟ್ರಿಗೂ ಆಗಲೇ ಹೊಳೆದಿರಬೇಕು. ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು.

"ಒಣ ಬಟ್ಟೆ ಮುಟ್ಟಿಸ್ಬಾರ್ದು ಗೌಡ್ರೇ. ಗೀರು ಬೀಳ್ತದೆ," ಎಂದರು, ದನಿ ಇಳಿಸಿ. "ನೀರು ಹಾಕ್ಬೇಕು."

ಗೌಡರು ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು, ನನ್ನ ಕಡೆ ತಿರುಗಿ, "ಕ್ಯಾನ್ ಎಲ್ರೀ? ಕೊಡಿ ಇಲ್ಲಿ," ಎಂದರು.

ಒಂದು ಕ್ಯಾನು ಅವರು ಎತ್ತಿ ಹಿಡಿದರು. ನಾನು ಮಗ್ಗಿನಲ್ಲಿ ಮೇಲಿನಿಂದ ಕೆಳಕ್ಕೆ ನೀರು ಬಿಟ್ಟೆ. ಎರಡನೆಯ ಕ್ಯಾನು ಮುಗಿದರೂ ಹಿಂಭಾಗ ಉಳಿದಿತ್ತು. ಗೌಡರು ಅಲ್ಲೇ ಇದ್ದ ಕೇರಿಯ ನಲ್ಲಿಯಲ್ಲಿ ಕ್ಯಾನು ತುಂಬಿಸಿಕೊಂಡು ಬಂದರು. ಹುರುಳಿಯ ಹೊಟ್ಟು ಜಾರಿ ಚರಂಡಿಗೆ ಹೋಯಿತು. ಉಳಿದ ಹನಿಗಳನ್ನು ನಾನು ಬಟ್ಟೆಯಲ್ಲಿ ಒತ್ತಿ ತೆಗೆದೆ, ಉಜ್ಜಲಿಲ್ಲ. ಆಮೇಲೆ ಬಿಸಿಲಿನಲ್ಲಿ ಬಾನೆಟ್ಟಿಗೆ ಕಣ್ಣು ಓರೆ ಮಾಡಿ ನೋಡಿದೆ.

ಚಿಕ್ಕತಾಯಮ್ಮ ಮಗನ ಕೈ ಹಿಡಿದು ಬಂದರು. ಬಾಗಿಲಿನ ಮುಂದೆ ನಿಂತು ಮುಖ ನೋಡಿಕೊಂಡರು, ಸೆರಗು ಸರಿಮಾಡಿಕೊಂಡರು, "ನನ್ ಮೂಗು ಇಷ್ಟ್ ದಪ್ಪನಾ?" ಎಂದರು. ಹಿಂದಿನ ಸೀಟಿನಲ್ಲಿ ಕೂತರು. ಕಾರು ಗೌಡರ ಬೀದಿಯ ಮೇಲೆ ಶಾಲೆಗೆ ಹೋಯಿತು. ಒಂದು ಗೀರೂ ಬಿದ್ದಿರಲಿಲ್ಲ.